ಮುಚ್ಚಿದ ಡಬ್ಬಿಯ ಇಂಗ್ಲಿಷ್

ನಾನು ಇಂಗ್ಲಿಷ್ ಕಲಿಯಲು ಹೋದದ್ದು ಆ ಭಾಷೆಯ ಮೇಲಿನ ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಎರಡು ಸಾವಿರದ ಇಸವಿಯ ಆಸುಪಾಸು. ಗದಗಿನಿಂದ ಬಂದು ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಗಂಡನಿಗೆ ಆಫೀಸು, ನನಗೆ ಎರಡೂವರೆ ವರ್ಷದ ಮಗ. ಮಗ ಇನ್ನೂ ಮಾತಾಡುತ್ತಿರಲಿಲ್ಲ. ಗಂಡುಮಕ್ಕಳು ಮಾತಾಡುವುದೇ ತಡ ಎಂದು ಅಕ್ಕಪಕ್ಕದವರೆಲ್ಲ ತೀರ್ಪು ಕೊಟ್ಟು ಮುಗಿಸಿದ್ದರು. ನನಗೆ ಸಮಾಧಾನವಾಗದೆ ಒಂದು ದಿನ ಒಬ್ಬಳೇ ಅವನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಆ ಡಾಕ್ಟರಿಗೆ ಕನ್ನಡ ಬಾರದು. ಮಗನ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದರು, ಗಂಟೆ ಬಾರಿಸಿದರು, ಆಮೇಲೆ ನಾಲ್ಕೈದು ವಾಕ್ಯ ಹೇಳಿದರು. ಅದರಲ್ಲಿ ನನ್ನ ತಲೆಗೆ ಹೋದದ್ದು 'ಡೆಫ್' ಎಂಬ ಒಂದೇ ಮಾತು. ನಾನು ಬಿ.ಎ. ಓದಿದವಳೇ, ಆದರೆ ಇಂಗ್ಲಿಷ್ ಪಾಸಾದದ್ದು ಪೂರ್ತಿ ಬಾಯಿಪಾಠದ ಪುಣ್ಯದಿಂದ. ದೊಡ್ಡ ಪರೀಕ್ಷೆ ಮಾಡಿಸಬೇಕು, ಅದಕ್ಕೆ ಸರದಿ ಬರುವ ತನಕ ಕಾಯಬೇಕು ಎಂಬುದನ್ನು ಕೌಂಟರಿನಲ್ಲಿದ್ದ ಹುಡುಗಿ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಬಸ್ಸಿನಲ್ಲಿ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬರುವಾಗ ನನ್ನ ಮೇಲೆ ನನಗೇ ಸಿಟ್ಟು ಬಂತು. ಮುಂದಿನ ಸಲ ನನ್ನ ಮಗನ ಬಗ್ಗೆ ಅವರು ಏನೇ ಹೇಳಲಿ, ಅದು ನನಗೆ ಪೂರ್ತಿ ತಿಳಿಯಬೇಕು, ತಿರುಗಿ ಕೇಳಲೂ ಬರಬೇಕು ಎಂದು ಹಟ ಹಿಡಿದೆ.

ಜಯನಗರದಲ್ಲಿ ಒಬ್ಬರು ಮೇಡಂ ತಮ್ಮ ಮನೆಯ ತಾರಸಿಯ ಮೇಲೆ ಶೀಟು ಹಾಕಿಸಿದ ಕೋಣೆಯಲ್ಲಿ ಹೆಂಗಸರಿಗೆ ಮಧ್ಯಾಹ್ನದ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಮಗನನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು ಅಲ್ಲಿಗೆ ಹೋಗತೊಡಗಿದೆ.

ಅವರ ಕ್ಲಾಸಿನಲ್ಲಿ ಪುಸ್ತಕವೇ ಇರಲಿಲ್ಲ. ಇದ್ದದ್ದು ಒಂದು ಸ್ಟೀಲ್ ಡಬ್ಬಿ. ಅದರಲ್ಲಿ ಏನಾದರೂ ತಿಂಡಿ ತುಂಬಿ, ಮುಚ್ಚಳ ಬಿಗಿದು, ನಮ್ಮ ಕೈಯಿಂದ ಕೈಗೆ ದಾಟಿಸುತ್ತಿದ್ದರು. ತೆಗೆದು ನೋಡುವ ಹಾಗಿಲ್ಲ. ಮುಟ್ಟಬಹುದು, ಮೂಸಬಹುದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬಹುದು. ಒಳಗಿರುವುದು ಹೇಗಿರಬಹುದೆಂದು ಇಂಗ್ಲಿಷಿನಲ್ಲಿ ಹೇಳಬೇಕು. 'ಇಟ್ ಮೇ ಬಿ ಹಾಟ್.' 'ಇಟ್ ಕುಡ್ ಬಿ ಸ್ವೀಟ್.' 'ಇಟ್ ಮೈಟ್ ಬಿ ಸಾಫ್ಟ್.' ಒಂದೇ ಹೇಳಿ ಜಾರಿಕೊಳ್ಳುವಂತಿಲ್ಲ, ಒಬ್ಬೊಬ್ಬರೂ ಎರಡು ಹೇಳಲೇಬೇಕು. ಎಲ್ಲರದೂ ಆದ ಮೇಲೆ ಮುಚ್ಚಳ ತೆಗೆದು ಹಂಚುತ್ತಿದ್ದರು. ತಪ್ಪು ಹೇಳಿದವರಿಗೂ ಸಮಪಾಲು ಸಿಗುತ್ತಿತ್ತು.

ಮೊದಮೊದಲು ನನಗಿದು ಒಗ್ಗಲಿಲ್ಲ. ನಮ್ಮ ಕಡೆಯವರು ಕಡ್ಡಿ ಮುರಿದಂತೆ ಮಾತಾಡುವ ಮಂದಿ. ಬೆಂಗಳೂರಿಗೆ ಬಂದ ಮೇಲೆ ಗ್ಯಾಸಿನವನು 'ನಾಳೆ ಬರಬಹುದು ಮೇಡಂ' ಅನ್ನುವುದು, ಮನೆ ಬ್ರೋಕರು 'ನೀರು ಬರಬಹುದು ಮೇಡಂ' ಅನ್ನುವುದು, ಎರಡನ್ನೂ ಕೇಳಿ ಕೇಳಿ ಆ 'ಬಹುದು' ಎಂದರೇ ಮೈ ಉರಿಯುತ್ತಿತ್ತು.

"ಇದ್ರ ಐತಿ ಅನ್ರಿ, ಇಲ್ಲಂದ್ರ ಇಲ್ಲ ಅನ್ರಿ. ನಡುವ ಇದೇನ್ರಿ ಮೇಡಂ ಜೋಕಾಲಿ?" ಎಂದು ಒಂದು ದಿನ ಕೇಳಿಯೇ ಬಿಟ್ಟೆ.

ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. "ಮುಚ್ಚಳ ಇನ್ನೂ ತೆಗ್ದಿಲ್ವಲ್ಲಮ್ಮ. ಈಗ್ಲೇ ಹೌದು ಅಂತ ಹೇಗೆ ಹೇಳ್ತೀರಾ? ಹಾಗಂತ ಗೊತ್ತಿಲ್ಲ ಅಂದ್ಕೊಂಡು ಸುಮ್ನೆ ಕೂತ್ಕೊಳ್ಳೋದೂ ಬೇಡ. ಕೈಗೆ ಸಿಕ್ಕಿದಷ್ಟು ಹೇಳಿ. ಆದ್ರೆ ಎರಡು ಹೇಳಿ," ಎಂದರು.

ಅವತ್ತು ಮನೆಗೆ ಬಂದು ಮಗನಿಗೆ ಉಣಿಸುವಾಗ 'ಹಿ ಮೇ ಬಿ ಡೆಫ್' ಎಂದು ಗಟ್ಟಿಯಾಗಿ ಹೇಳಿ ನೋಡಿದೆ. ಡಾಕ್ಟರು ಹೇಳಿದ್ದು ಇದೇ ಎಂದು ಆಗ ಹೊಳೆಯಿತು. ಅವರು ಮುಚ್ಚಳ ತೆಗೆದಿರಲಿಲ್ಲ, ನಾನೇ ತೆಗೆದು ಅಷ್ಟು ದಿನ ಅತ್ತಿದ್ದೆ. ಮೇಡಂ ಕಟ್ಟಳೆಯಂತೆ ಎರಡನೆಯದನ್ನೂ ಹೇಳಬೇಕಲ್ಲ, 'ಹಿ ಮೇ ಬಿ ಲೇಟ್' ಎಂದೆ. ಬಹಳ ದಿನದ ಮೇಲೆ ಅವತ್ತು ನನಗೂ ಊಟ ಸೇರಿತು. ಪಾಠ ಹೇಳುವವರನ್ನು ಆಮೇಲೂ ಎಷ್ಟೋ ಜನರನ್ನು ನೋಡಿದ್ದೇನೆ, ಆ ಮೇಡಂ ಮೇಲಿನಷ್ಟು ಗೌರವ ಇನ್ನೊಬ್ಬರ ಮೇಲೆ ಬಂದಿಲ್ಲ.

ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಹೊಸಕೆರೆಹಳ್ಳಿಯ ಒಬ್ಬ ಆಂಟಿ. ರಾಗಿ, ಅವರೆ ಬೆಳೆಯುತ್ತಿದ್ದ ಜಮೀನಿನಲ್ಲಿ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆಯವರ ಜೊತೆ ಜಗಳ ಆಡಲು ಇಂಗ್ಲಿಷ್ ಬೇಕೇ ಬೇಕೆಂದು ಸೇರಿದವರು. ಡಬ್ಬಿ ಅಲ್ಲಾಡಿಸುವುದರಲ್ಲಿ ಅವರದು ಎತ್ತಿದ ಕೈ. ಕಣ್ಣು ಮುಚ್ಚಿ, ಕಿವಿಗೆ ಹಿಡಿದು, ಎರಡು ಸಲ ಗಡಗಡ ಅನ್ನಿಸಿದರೆ ಸಾಕು, ಒಳಗಿರುವುದು ಚಕ್ಕುಲಿಯೋ ನಿಪ್ಪಟ್ಟೋ ಎಂದು ಹೇಳಿಬಿಡುತ್ತಿದ್ದರು.

ಒಂದು ದಿನ ಡಬ್ಬಿ ತುಂಬಿ ತರುವ ಸರದಿ ನನ್ನದಾಯಿತು. ಗರಿಗರಿಯಾಗಿ ಒಣಗಿಸಿದ ಜೋಳದ ಕಟಕ್ ರೊಟ್ಟಿ ಮುರಿದು ಹಾಕಿ, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿದೆ. ಪಕ್ಕದ ಮನೆಯವರು ಊರಿಗೆ ಹೋಗಿದ್ದರಿಂದ ಮಗನನ್ನೂ ಕರೆದುಕೊಂಡು ಹೋಗಬೇಕಾಯಿತು. ಡಬ್ಬಿ ಮೊದಲು ಆಂಟಿಯ ಕೈಗೆ ಹೋಯಿತು. ಅವರು ಅಲ್ಲಾಡಿಸಿದರು, ಮುಖ ಸಿಂಡರಿಸಿದರು, ಮತ್ತೆ ಅಲ್ಲಾಡಿಸಿದರು.

"ಇಟ್ ಮೇ ಬಿ ಹಾರ್ಡ್. ಇಟ್ ಕುಡ್ ಬಿ ಬ್ರೋಕನ್," ಎಂದವರೇ ನನ್ನ ಕಡೆ ತಿರುಗಿ, "ಏನಮ್ಮ, ಹೆಂಚು ಒಡ್ದು ತುಂಬ್ಕೊಂಡು ಬಂದಿದ್ದೀಯಾ?" ಎಂದರು. ಇಡೀ ಕೋಣೆ ನಕ್ಕಿತು. ಉಳಿದವರೂ ಅಲ್ಲಾಡಿಸಿ ನೋಡಿ ತಲೆ ಕೆರೆದುಕೊಂಡರು. ಗದಗಿನ ರೊಟ್ಟಿಯ ಸದ್ದು ಆ ಕೋಣೆಯಲ್ಲಿ ಯಾರಿಗೂ ಪರಿಚಯವಿರಲಿಲ್ಲ.

ಡಬ್ಬಿ ನನ್ನ ಹತ್ತಿರ ಬಂದಾಗ ಮೇಡಂ ಅದನ್ನು ತೆಗೆದುಕೊಂಡು ಮಗನ ಕೈಗೆ ಕೊಟ್ಟರು. ಅವನು ಅಷ್ಟು ಹೊತ್ತೂ ಎಲ್ಲರನ್ನೂ ಕಣ್ಣರಳಿಸಿ ನೋಡುತ್ತಿದ್ದ. ಅವರಂತೆಯೇ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಜೋರಾಗಿ ಅಲ್ಲಾಡಿಸಿದ. ನಿಲ್ಲಿಸಿದ. ಇದರಲ್ಲಿ ಇವರಿಗೆಲ್ಲ ಏನು ಸಿಕ್ಕಿತು ಎನ್ನುವಂತೆ ನಮ್ಮ ಮುಖಗಳನ್ನು ನೋಡಿದ. ಇನ್ನೊಂದು ಕಿವಿಗೆ ಹಿಡಿದು ಮತ್ತೆ ಅಲ್ಲಾಡಿಸಿದ. ಆಮೇಲೆ ಅದನ್ನು ಬಿಟ್ಟು ಡಬ್ಬಿಗೆ ಕೆನ್ನೆ ಒತ್ತಿದ, ಮುಚ್ಚಳದ ಅಂಚಿಗೆ ಮೂಗು ಹಚ್ಚಿ ಉಸಿರೆಳೆದುಕೊಂಡ, ನನ್ನ ಕಡೆ ನೋಡಿ ಹೊಟ್ಟೆ ಸವರಿಕೊಂಡ.

ಯಾರೂ ನಗಲಿಲ್ಲ. ಪರೀಕ್ಷೆಯ ಸರದಿ ಇನ್ನೂ ಬಂದಿರಲಿಲ್ಲ, ಆದರೆ ನನಗೆ ಗೊತ್ತಾಗಿ ಹೋಗಿತ್ತು. ಅಲ್ಲಿದ್ದವರಿಗೆಲ್ಲ ಗೊತ್ತಾಗಿತ್ತು ಎಂದು ಈಗ ಅನ್ನಿಸುತ್ತದೆ.

ಮೇಡಂ ಮಾತ್ರ ಎಂದಿನ ದನಿಯಲ್ಲೇ, "ಎರಡೂ ಹೇಳ್ದ ನೋಡಿ. ಇಟ್ ಮೇ ಬಿ ಕೋಲ್ಡ್. ಇಟ್ ಕುಡ್ ಬಿ ಟೇಸ್ಟಿ. ಸರಿ, ಮುಂದಿನವರು," ಎಂದರು. ಅವನನ್ನು ಅಯ್ಯೋ ಪಾಪ ಎನ್ನದೆ ಕ್ಲಾಸಿನಲ್ಲಿ ಒಬ್ಬನನ್ನಾಗಿ ಸೇರಿಸಿಕೊಂಡ ಮೊದಲ ಮನುಷ್ಯರು ಅವರು.

ಪರೀಕ್ಷೆಯ ಫಲ ತಿಳಿಯುವ ದಿನ ಗಂಡನೂ ಜೊತೆಗಿದ್ದರು. "ಹಿ ಈಸ್ ಡೆಫ್. ಬೋತ್ ಇಯರ್ಸ್," ಎಂದರು ಡಾಕ್ಟರು. ಈ ಸಲ ನಡುವೆ 'ಮೇ ಬಿ' ಇರಲಿಲ್ಲ. ಅದು ಇಲ್ಲದ್ದು ನನಗೆ ತಕ್ಷಣ ತಿಳಿಯಿತು. ಗಂಡ ಗೋಡೆಯ ಕಡೆ ಮುಖ ತಿರುಗಿಸಿ ಕೂತುಬಿಟ್ಟರು. ಒಂದಕ್ಕೇ ನಿಲ್ಲಿಸುವ ಅಭ್ಯಾಸ ನನಗೆ ತಪ್ಪಿಹೋಗಿತ್ತು.

"ಡಾಕ್ಟರ್," ಎಂದೆ, "ಕುಡ್ ಹಿ ಬಿ ಹ್ಯಾಪಿ?"

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಕುರ್ಚಿ ಹತ್ತಿರ ಎಳೆದುಕೊಂಡು, ಕಿವಿಗೆ ಹಾಕುವ ಮಷೀನು, ತುಟಿ ನೋಡಿ ಕಲಿಯುವುದು, ಅಂಥ ಮಕ್ಕಳ ಶಾಲೆ, ಎಲ್ಲವನ್ನೂ ನಿಧಾನವಾಗಿ ಹೇಳಿದರು. ಮಾತು ಬರುವುದು ಕಷ್ಟವಾಗಬಹುದು, ತಡವಾಗಬಹುದು, ಅದನ್ನೇನೂ ಮುಚ್ಚಿಡಲಿಲ್ಲ. ಕೊನೆಗೆ "ಹಿ ಕುಡ್ ಬಿ ವೆರಿ ಹ್ಯಾಪಿ," ಎಂದರು. ಒಂದು ಮಾತೂ ನನಗೆ ತಪ್ಪಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅದನ್ನೆಲ್ಲ ಗಂಡನಿಗೆ ಕನ್ನಡದಲ್ಲಿ ಹೇಳುವಾಗ ಮಾತ್ರ ಅಳು ತಡೆಯಲಾಗಲಿಲ್ಲ.

ಮುಂದಿನ ಕ್ಲಾಸಿಗೆ ಮಗನನ್ನು ಕರೆದುಕೊಂಡೇ ಹೋದೆ. "ಏನಂದ್ರಮ್ಮ?" ಎಂದರು ಆಂಟಿ. "ಕಿವಿ ಕೇಳಂಗಿಲ್ಲಂತ್ರಿ. ಖುಷಿಲೇ ಇರಬಹುದಂತ್ರಿ," ಎಂದೆ. ಅವರು ನನ್ನ ಮೊಣಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

ಮೇಡಂ ಡಬ್ಬಿ ತಂದರು. ಅದು ಮೊದಲು ಆಂಟಿಯ ಕೈಗೆ ಬಂತು. ಅಭ್ಯಾಸಬಲದಿಂದ ಕಿವಿಯ ತನಕ ಎತ್ತಿದ ಕೈ ಅಲ್ಲೇ ನಿಂತಿತು. ಎದುರಿಗೆ ನಿಂತು ನೋಡುತ್ತಿದ್ದ ನನ್ನ ಮಗನನ್ನು ನೋಡಿದರು, ಡಬ್ಬಿಯನ್ನು ಮೆಲ್ಲಗೆ ಇಳಿಸಿದರು, ಅದಕ್ಕೆ ಕೆನ್ನೆ ಒತ್ತಿ ಮುಚ್ಚಳದ ಅಂಚನ್ನು ಮೂಸಿದರು. "ಇಟ್ ಮೇ ಬಿ ಸಾಫ್ಟ್. ಇಟ್ ಕುಡ್ ಬಿ ಸಾಲ್ಟಿ," ಎಂದು ಪಕ್ಕದವರಿಗೆ ಕೊಟ್ಟರು. ಅವರೂ ಹಾಗೇ ಮಾಡಿದರು, ಅವರ ಪಕ್ಕದವರೂ ಹಾಗೇ. ಕೋಣೆಯನ್ನೆಲ್ಲ ಸುತ್ತಿ ಡಬ್ಬಿ ಮಗನ ಕೈಗೆ ಬಂತು. ಎಲ್ಲರೂ ಮಾಡಿದ್ದನ್ನೇ ಅವನೂ ಮಾಡಿದ.

ಮೇಡಂ ಮುಚ್ಚಳ ತೆಗೆದರು. ಅವತ್ತು ಎಲ್ಲರದೂ ತಪ್ಪಾಗಿತ್ತು. ಒಳಗಿದ್ದದ್ದು ಕಲ್ಲುಸಕ್ಕರೆ. ಒಮ್ಮೆ ಅಲ್ಲಾಡಿಸಿದ್ದರೆ ಸಾಕಿತ್ತು, ಆಂಟಿ ಕಣ್ಣು ಮುಚ್ಚಿಕೊಂಡೇ ಹೇಳಿಬಿಡುತ್ತಿದ್ದರು.