ನೀರಿನ ಜೊತೆ ಹೋಗುವ ಮಾವ

ನನ್ನ ಮಾವ ನೀರಾವರಿ ನಿಗಮದ ನೀರುಗಂಟಿ. ಸರದಿ ಬಂದ ಹೊಲಕ್ಕೆ ತೂಬು ಎತ್ತಿ ನೀರು ಬಿಡುವುದು ಇಪ್ಪತ್ತೆಂಟು ವರ್ಷದಿಂದ ಅವರ ಕೆಲಸ. ಹದಿನೈದು ದಿನ ಒಣಗಿದ್ದ ಕಾಲುವೆಗೆ ಮೊನ್ನೆ ಬೆಳಿಗ್ಗೆ ನೀರು ಬಿಟ್ಟಾಗ, ಹೊಸದಾಗಿ ಬಂದ ಇಂಜಿನಿಯರಮ್ಮ ಕೊನೆಯ ಹೊಲಕ್ಕೆ ಹತ್ತು ಗಂಟೆಗೆ ಮುಟ್ಟುತ್ತದೆ ಎಂದರಂತೆ.

"ಹನ್ನೊಂದೂವರೆ ಆಗತ್ತಮ್ಮ," ಎಂದರು ಮಾವ. "ಒಣಗಿದ ಕಾಲುವೆ ಮೊದಲು ತಾನು ಕುಡಿಯತ್ತೆ. ಆಮೇಲೇ ಮುಂದಕ್ಕೆ ಬಿಡೋದು."

ಮನೆಯಲ್ಲಿ ನಾವು ನೂರು ಸಲ ಕೇಳಿದ ಮಾತು. ಇಂಜಿನಿಯರಮ್ಮ ನಕ್ಕರು. ಮಾವ ವಾದಕ್ಕೆ ನಿಲ್ಲದೆ, ಹರಿಯುವ ನೀರಿನ ತುದಿಯ ಜೊತೆಗೇ ದಂಡೆಯ ಮೇಲೆ ಸೈಕಲ್ ತಳ್ಳಿಕೊಂಡು ಹೊರಟರು. ತಳದ ಬಿರುಕುಗಳೆಲ್ಲ ಗಟಗಟನೆ ಕುಡಿದವು. ಕೊನೆಯ ಹೊಲದಲ್ಲಿ ಗುದ್ದಲಿ ಹಿಡಿದು ಕಾಯುತ್ತಿದ್ದ ಅಜ್ಜಿಯ ಕಾಲಿಗೆ ನೀರು ತಾಗಿದಾಗ ಹನ್ನೊಂದು ಇಪ್ಪತ್ತೈದು.

ಈ ಸುದ್ದಿಯೆಲ್ಲ ಮಾವನಿಗಿಂತ ಮುಂಚೆಯೇ ಮನೆ ಮುಟ್ಟಿತ್ತು. ಮಧ್ಯಾಹ್ನ ಅವರು ಬೆವರುತ್ತ ಬಂದು ಹೊಸಿಲ ಬಳಿ ಕೂತರು. ನನಗೋ ತಡೆಯಲಾರದ ಕುತೂಹಲ.

"ಇಂಜಿನಿಯರಮ್ಮ ಏನಂದ್ರು ಮಾವ?"

ಅತ್ತೆ ತುಂಬಿದ ಚೊಂಬನ್ನು ಅವರ ಕೈಗಿಟ್ಟು ನನ್ನತ್ತ ಕಣ್ಣು ಬಿಟ್ಟರು.

"ತಡಿಯೇ, ಮೊದಲು ಕಾಲುವೆ ಕುಡೀಲಿ."