ನಸುಕಿನಲ್ಲಿ ಹೆಸರು ಹಿಡಿಯಬಾರದು

ಅರುಣೋದಯ, ಉಷಃಕಾಲ ಎಂಬ ಮಾತುಗಳನ್ನು ಪುಸ್ತಕ ಓದುವವರೇ ಇಟ್ಟುಕೊಳ್ಳಲಿ. ಖಟಕ ಚಿಂಚೋಳಿಯ ನಮ್ಮ ಓಣಿಗೆ ನಸುಕು ಒಂದೇ ಸಾಕು. ಎದುರಿಗೆ ಬಂದದ್ದು ಮನುಷ್ಯ ಎಂದು ತಿಳಿಯಬೇಕು, ಯಾರೆಂದು ತಿಳಿಯಬಾರದು; ಅಷ್ಟೇ ಬೆಳಕು. ಆ ಹೊತ್ತಿನಲ್ಲಿ ನಾವು ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಹಾಗೆ ಕರೆಯುವುದು ದೆವ್ವದ ಗಾಳಿ, ಓಗೊಟ್ಟರೆ ಕರೆದುಕೊಂಡೇ ಹೋಗುತ್ತದೆ. ಮನುಷ್ಯರಾದರೆ ಬಾಗಿಲಲ್ಲಿ ನಿಂತು "ನಸಕಾತು" ಎನ್ನಬೇಕು.

ನನ್ನ ಪಕ್ಕದ ಮನೆಯ ಅನುಸೂಯಾಬಾಯಿಯನ್ನು ಅವಳ ಗೆಳತಿ ಬಿಸ್ಮಿಲ್ಲಾಬೀ ದಿನಾ ಹೀಗೇ ಎಬ್ಬಿಸುತ್ತಿದ್ದಳು. ಇಬ್ಬರೂ ಮೆಂತ್ಯ, ಪುಂಡಿಪಲ್ಯದ ಗಂಟು ಹೊತ್ತು ಮೊದಲ ಬಸ್ಸಿಗೆ ಭಾಲ್ಕಿಯ ಬಜಾರಿಗೆ ಹೋಗುವವರು. ದಾರಿಯುದ್ದಕ್ಕೂ ಜಗಳ. ಆದರೆ ಒಬ್ಬಳಿಲ್ಲದಿದ್ದರೆ ಇನ್ನೊಬ್ಬಳು ಬಸ್ಸನ್ನೇ ಹತ್ತುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಒಂದು ದಿನ "ನಸಕಾತು" ಎಂಬ ದನಿ ಕೇಳಿ ಅನುಸೂಯಾಬಾಯಿ ಎದ್ದಳು. ಕಿಟಕಿಯಲ್ಲಿ ನೋಡಿದರೆ ಕಗ್ಗತ್ತಲು.

"ಇನ್ನಾ ಕತ್ತಲದ, ಹುಚ್ಚಿ! ಇಷ್ಟ ಲಗೂ ಯಾಕ ಬಂದಿ?" ಎಂದು ಗೊಣಗುತ್ತ ಚಿಲಕಕ್ಕೆ ಕೈ ಹಾಕಿದಳು.

ಹೊರಗಿನಿಂದ ಅದೇ ದನಿ: "ಅನುಸೂಯಾ... ಬಾಗಿಲಾ ತೆಗಿ, ಅನುಸೂಯಾ!"

ಇಷ್ಟು ವರ್ಷಗಳಲ್ಲಿ ಬಿಸ್ಮಿಲ್ಲಾಬೀ ಕತ್ತಲಲ್ಲಿ ಒಮ್ಮೆಯೂ ಹೆಸರು ಹಿಡಿದವಳಲ್ಲ. ಅನುಸೂಯಾಬಾಯಿ ಚಿಲಕ ಬಿಟ್ಟು, ಕೌದಿ ಹೊದ್ದು, ಕಿವಿ ಮುಚ್ಚಿಕೊಂಡು "ಬಸವಾ, ಬಸವಾ" ಎನ್ನುತ್ತ ಮೂಲೆಯಲ್ಲಿ ಕುಳಿತಳು. ಹೊರಗೆ ದನಿ ಅಳುತ್ತಿತ್ತಂತೆ. ಆಮೇಲೆ ನಿಂತಿತಂತೆ.

ಬೆಳಕು ಹರಿದರೂ ಗೆಳತಿ ಬರಲಿಲ್ಲ. ನಾವೆಲ್ಲ ಹೋಗಿ ನೋಡಿದರೆ, ಒಬ್ಬಳೇ ಇರುತ್ತಿದ್ದ ಅವಳ ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ. ಮುರಿದು ಒಳಹೊಕ್ಕೆವು. ಬಿಸ್ಮಿಲ್ಲಾಬೀ ಒಲೆಯ ಮುಂದೆ ಬಿದ್ದಿದ್ದಳು. ಹಂಚಿನ ಮೇಲೆ ರಾತ್ರಿಯೂಟದ ರೊಟ್ಟಿ ಸುಟ್ಟು ಇದ್ದಿಲಾಗಿತ್ತು.

ಬೀದರದ ದವಾಖಾನೆಯಲ್ಲಿ ಡಾಕ್ಟರು, ಸುದ್ದಿ ಕೇಳಿ ಬಂದ ಅವಳ ಮಗ ಚಾಂದ ಪಾಶಾನಿಗೆ ಹೇಳಿದರು: "ಅಡಿಗಿ ಮಾಡೋವಾಗೇ ಲಕ್ವಾ ಹೊಡದದ. ಆಗೇ ಮಾತ ಹೋಗೇದ. ರಾತ್ರೀನೇ ತಂದಿದ್ರ ಮಾತ ತಿರುಗಿ ಬರ್ತಿತ್ತೇನೋ."

"ಅಯ್ಯೋ, ನಾ ಅಕೀ ದನಿ ಕೇಳೀನಲ್ಲೋ!" ಅನುಸೂಯಾಬಾಯಿ ಅವನ ತೋಳು ಹಿಡಿದಳು.

"ಖಾಲಾ, ಅಮ್ಮಿ ಏಳೋ ಹಂಗೇ ಇರಲಿಲ್ಲರಿ. ನಿಮಗ ಕನಸ ಬಿದ್ದಿರಬೇಕು," ಎಂದ ಚಾಂದ ಪಾಶಾ. ಕನಸೇ ಇರಬೇಕೆಂದು ನಾನೂ ತಲೆಯಾಡಿಸಿದೆ. ಇಲ್ಲದಿದ್ದರೆ ಆ ಓಣಿಯಲ್ಲಿ ನಿದ್ದೆ ಮಾಡುವುದು ಹೇಗೆ ಹೇಳಿ?

ಬಿಸ್ಮಿಲ್ಲಾಬೀ ಕಣ್ಣು ಬಿಟ್ಟ ದಿನ ಅನುಸೂಯಾಬಾಯಿ ಮಂಚದ ಮೇಲೆ ಬಾಗಿ ಕೇಳಿಯೇಬಿಟ್ಟಳು: "ಖರೇ ಹೇಳು. ಅವತ್ತ ನನ್ನ ಬಾಗಿಲಿಗಿ ಯಾರ ಬಂದಿದ್ರು?"

ಬಿಸ್ಮಿಲ್ಲಾಬೀ ಗೆಳತಿಯ ಮುಖ ನೋಡಿದಳು. ಕಣ್ಣಲ್ಲಿ ನೀರು ತುಂಬಿತು. ಅಲುಗುತ್ತಿದ್ದ ಒಂದೇ ಕೈಯನ್ನು ಎತ್ತಿ ತನ್ನ ಎದೆಯನ್ನು ಮುಟ್ಟಿ ತೋರಿಸಿದಳು.