ಬೆಲೆ ಬಿತ್ತೆಂದು ಬರೆದವನು ನಾನು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ತಿಪಟೂರಿನಿಂದ ಒಂದು ಪತ್ರಿಕೆಗೆ ಕೊಬ್ಬರಿ ಮಾರುಕಟ್ಟೆಯ ಸುದ್ದಿ ಕಳಿಸುತ್ತಿದ್ದೆ. ಹರಾಜಿನ ದಿನ ನಾಲ್ಕಾರು ಮಂಡಿ ಸುತ್ತಿ, ಬೆಲೆ ವಿಚಾರಿಸಿ ಬರೆಯಬೇಕು. ಒಂದು ಸಲ ಮಳೆ ಹಿಡಿದಿತ್ತು, ನನಗೆ ಸೋಮಾರಿತನ. ಹೋಟೆಲಿನಲ್ಲೇ ಕೂತು, ಕಾಫಿಗೆ ಬಂದ ಒಬ್ಬ ವರ್ತಕರನ್ನು ಕೇಳಿದೆ.

"ಬಿದ್ದೋಯ್ತು ಕಣ್ರೀ, ಇವತ್ತು ಕೇಳೋರೇ ಇಲ್ಲ" ಎಂದರು.

ಅವರು ಹೇಳಿದ್ದು ತಮ್ಮ ಮಂಡಿಗೆ ಬಂದಿದ್ದ ಮುಗ್ಗಲು ಮಾಲಿನ ವಿಷಯ. ನಾನು ಅದನ್ನೇ ಇಡೀ ಮಾರುಕಟ್ಟೆಯ ಮಾತು ಮಾಡಿದೆ. "ಕೊಬ್ಬರಿ ಬೆಲೆ ಕುಸಿತ, ಬೆಳೆಗಾರರು ಕಂಗಾಲು" ಎಂಬ ತಲೆಬರಹವೂ ನನ್ನದೇ. ಕಂಗಾಲಾದ ಒಬ್ಬನನ್ನೂ ನಾನು ನೋಡಿರಲಿಲ್ಲ. ಹಾಗೆ ಬರೆದರೆ ಮೊದಲ ಪುಟಕ್ಕೆ ಹೋಗುತ್ತದೆ ಎನ್ನುವ ಆಸೆ, ಅಷ್ಟೆ. ಹೋಯಿತು ಕೂಡ.

ಕೆಲವು ವಾರ ಬಿಟ್ಟು ಹೊನ್ನವಳ್ಳಿಗೆ, ಅಕ್ಕನ ಮನೆಗೆ ಹೋದೆ. ಭಾವ ತೀರಿಕೊಂಡ ಮೇಲೆ ತೋಟ ನೋಡಿಕೊಳ್ಳುತ್ತಿದ್ದವಳು ಅವಳೇ. ಅಟ್ಟದ ಮೇಲಿನ ಕಾಯಿಯಲ್ಲೇ ಅವಳ ವರ್ಷದ ಬದುಕು. ಕಾಯಿ ಅಟ್ಟದಲ್ಲಿ ಹೆಚ್ಚುಕಡಿಮೆ ವರ್ಷ ಒಣಗಬೇಕು, ಕುಲುಕಿದರೆ ಒಳಗೆ ಕೊಬ್ಬರಿ ಲೊಡಲೊಡ ಎನ್ನಬೇಕು. ಆಗ ಒಡೆದರೆ ಮಾತ್ರ ಇಡೀ ಗುಂಡು ಕೊಬ್ಬರಿ. ಇದನ್ನು ಅಕ್ಕನಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಅಟ್ಟ ಖಾಲಿಯಾಗಿತ್ತು. ಚಿಪ್ಪಿನಿಂದ ಬಿಡದೆ ಚೂರಾದ ಹಸಿ ಕೊಬ್ಬರಿ ಅಂಗಳದಲ್ಲಿ ಹರಡಿತ್ತು, ಅಲ್ಲಲ್ಲಿ ಬೂಷ್ಟು ಬಂದಿತ್ತು.

"ಯಾಕಕ್ಕ, ಇನ್ನೂ ಮೂರು ತಿಂಗಳಿತ್ತಲ್ಲ?"

"ಇನ್ನೂ ಬೀಳ್ತದೆ ಅಂದ್ರು ಕಣಪ್ಪ. ಪೇಪರ್ ನೋಡ್ಕಂಡು ಊರೋರೆಲ್ಲ ಒಡೆಸಿದ್ರು, ನಾನೂ ಒಡೆಸ್ದೆ."

ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಇಲ್ಲಿಂದ ಮಾತ್ರವಲ್ಲ, ಕೆಂಕೆರೆ, ಹುಳಿಯಾರಿನ ಕಡೆಯಿಂದಲೂ ತಿಪಟೂರಿನ ಮಾರುಕಟ್ಟೆಗೆ ಹಸಿ ಮಾಲು ಬಂದು ಸುರಿದು, ಅಷ್ಟರಲ್ಲಿ ಬೆಲೆ ನಿಜವಾಗಿಯೂ ಬಿದ್ದಿತ್ತು. ಪತ್ರಿಕೆಯ ಕಚೇರಿಯವರು ಫೋನ್ ಮಾಡಿ, "ಎಲ್ಲರಿಗಿಂತ ಮೊದಲು ಬರೆದಿರಿ" ಎಂದು ಹೊಗಳಿದ್ದರು. ಮಾನಗೆಟ್ಟವನು, ಥ್ಯಾಂಕ್ಸ್ ಹೇಳಿದ್ದೆ.

ಇವಳಿಗಾದರೂ ಹೇಳಿಬಿಡೋಣ ಎಂದು ಬಾಯಿ ತೆರೆದೆ. "ಅಕ್ಕಾ, ಆ ಸುದ್ದಿ ಬರ್ದೋನು ನಾನೇ..."

"ಗೊತ್ತು ಬುಡು. ಅದಕ್ಕೇ ನಂಬಿದ್ದು. ಒಡಹುಟ್ಟಿದೋನು ಸುಳ್ಳು ಬರೀತಾನಾ? ನೀನು ಬರ್ದಂಗೇ ಆಯ್ತು ನೋಡು. ನೀನು ಮೊದ್ಲೇ ತಿಳಿಸಿದ್ದಕ್ಕೆ ಇಷ್ಟಾದ್ರೂ ಉಳೀತು. ಏಳು, ಕೈ ತೊಳ್ಕೋ."

ಎಲೆ ಹಾಕಿದಳು. ನಾನು "ಹೂಂ" ಎಂದು ಕೂತು ಉಂಡೆ. ಥೂ, ಎರಡನೇ ಸಲ ಬಡಿಸಿಕೊಂಡೆ ಕೂಡ.